ಊರ ನೆಲ ಕಾಯುವವರಿಗೆ ಗೌರವ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋಮಾಳ, ಗುಂಡುತೋಪು, ಕೆರೆಯಂಗಳ, ಹುಲ್ಲುಬನ್ನಿ, ದೇವರಕಾಡು, ಕಾನು ಎಂದು ಹೆಸರುಗಳು ಬೇರೆಬೇರೆಯಾದರೂ ಊರಿಗೆಲ್ಲ ಸೇರಿದ ನೆಲ ಕರ್ನಾಟಕದ ಹಳ್ಳಿಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದೆ, ಇಲ್ಲವೇ ಇತ್ತು. ಅದು ಇನ್ನೂ ಉಳಿದಿರುವ ಊರಿಗೆ ಹೋಗಿ ವಿಚಾರಿಸಿದರೆ, ಸಂಬಳವಿಲ್ಲದೆ ಅದನ್ನು ಕಾಯುತ್ತ ಬಂದ ಒಬ್ಬಿಬ್ಬರ ಹೆಸರು ಕೇಳಿಬರುತ್ತದೆ. ಅಂಥವರನ್ನು ಗೌರವಿಸಬೇಕೆಂದು ಹೊರಡುವ ಗ್ರಾಮ ಪಂಚಾಯಿತಿ ಸದಸ್ಯರು, ಗ್ರಾಮ ಅರಣ್ಯ ಸಮಿತಿಯವರು, ದೇವಸ್ಥಾನದ ಸಮಿತಿಗಳು, ಯುವಕ ಸಂಘಗಳು, ಸ್ತ್ರೀಶಕ್ತಿ ಗುಂಪುಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವುಗಳಲ್ಲಿ ಕೆಲವು ಕಾನೂನಿನ ಸಂಗತಿಗಳು. ಉಳಿದವು ಈ ಕೆಲಸದ ಜೊತೆ ಓಡಾಡಿ ನಾನು ತಲುಪಿದ ಅಭಿಪ್ರಾಯಗಳು.

ಯಾರನ್ನು ಸ್ವಯಂಸೇವಕರೆಂದು ಪರಿಗಣಿಸಬೇಕು?

ಊರ ನೆಲದ ಕೆಲಸವನ್ನು ತನ್ನ ಮನೆಯ ಕೆಲಸವೆಂಬಂತೆ, ವರ್ಷಗಟ್ಟಲೆ, ಯಾರೂ ಹೇಳದೆಯೇ ಮಾಡುತ್ತ ಬಂದವರನ್ನು. ಒಂದು ದಿನ ಬಂದು ನೂರು ಸಸಿ ನೆಟ್ಟು ಹೋದವರಿಗೆ ಧನ್ಯವಾದ ಹೇಳುವುದು ಸರಿ, ಆದರೆ ಅವರು ಈ ಸಾಲಿಗೆ ಸೇರುವುದಿಲ್ಲ. ಆ ನೂರು ಸಸಿಗಳಿಗೆ ಮಾಘದಿಂದ ವೈಶಾಖದವರೆಗೆ ನೀರು ಹೊತ್ತವರು, ಬೇಲಿಗೆ ಕಾರೆ ಮುಳ್ಳು ಕಡಿದು ತಂದು ಕಟ್ಟಿದವರು, ಆಡು ನುಗ್ಗಿದಾಗ ಜಗಳವಾಡದೆ ಓಡಿಸಿದವರು ಸೇರುತ್ತಾರೆ.

ಕೂಲಿ ಪಡೆದವರನ್ನು ಈ ಲೆಕ್ಕದಿಂದ ಹೊರಗಿಡಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದವರು. ಅವರ ನೌಕರಿ ಕಾಯಂ ಆದದ್ದು ಬಹಳ ತಡವಾಗಿ. ಯಾವ ತಾಯಿಮರದ ಬೀಜವನ್ನು ಯಾವಾಗ ಆಯ್ದು ತರಬೇಕು, ಅದನ್ನು ಹೇಗೆ ಮೊಳೆಯಿಸಬೇಕು ಎಂಬ ಅವರ ತಿಳಿವಳಿಕೆಗೆ ದಿನಗೂಲಿಯಲ್ಲಿ ಬೆಲೆ ಇರಲಿಲ್ಲ. ಕೂಲಿಯ ಮಿತಿ ಮೀರಿ ಕೊಟ್ಟದ್ದೆಲ್ಲ ಸೇವೆಯೇ. ಉದ್ಯೋಗ ಖಾತರಿಯಲ್ಲಿ ಕಂದಕ ತೋಡಿ ಕೂಲಿ ಪಡೆದವರು ಆಮೇಲೆ ಅದೇ ಕಂದಕದ ಹೂಳನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ತಾವಾಗಿ ತೆಗೆಯುತ್ತಿದ್ದರೆ ಅವರೂ ನಿಮ್ಮ ಪಟ್ಟಿಯಲ್ಲಿರಲಿ.

ಅವರು ಗೌರವ ಬಯಸಿ ಮಾಡಿದವರಲ್ಲವಲ್ಲ, ಹಾಗಿರುವಾಗ ಇದೆಲ್ಲ ಏಕೆ?

ನಮ್ಮ ನಾಡಿನಲ್ಲಿ ಇದು ಹೊಸ ರೂಢಿಯಲ್ಲ. ಕೆರೆ ಕಟ್ಟಿಸಿದವರಿಗೂ ಅದನ್ನು ದುರಸ್ತಿಯಲ್ಲಿಟ್ಟವರಿಗೂ ಕೆರೆಯ ಕೆಳಗಿನ ಭೂಮಿಯನ್ನು ಕಟ್ಟುಕೊಡಗೆಯಾಗಿ, ಬಿತ್ತುವಟ್ಟವಾಗಿ ಬಿಟ್ಟುಕೊಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತದೆ. ಊರ ತುರುಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತವರಿಗೆ ಊರು ವೀರಗಲ್ಲು ನಿಲ್ಲಿಸಿತು. ಕೆರೆಯ ನೀರು ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ಕಣದಿಂದ ಧಾನ್ಯ ಅಳೆದು ಕೊಡುತ್ತಿದ್ದುದನ್ನು ನೋಡಿದ ಹಿರಿಯರು ಇನ್ನೂ ಇದ್ದಾರೆ. ಈ ಮೂರರಲ್ಲೂ ಗಮನಿಸಬೇಕಾದದ್ದೆಂದರೆ, ಗೌರವ ಕೆಲಸ ನಡೆದ ಜಾಗಕ್ಕೇ ಅಂಟಿಕೊಂಡಿತ್ತು ಮತ್ತು ಮುಂದಿನ ಕೆಲಸಕ್ಕೆ ಒದಗುತ್ತಿತ್ತು. ಇಂದಿನ ಗೌರವಕ್ಕೂ ಇವೆರಡೇ ಅಳತೆಗೋಲಾಗಬೇಕೆಂಬುದು ನನ್ನ ನಂಬಿಕೆ. ಮುಂದಿನ ಉತ್ತರಗಳೆಲ್ಲ ಇದರ ಮೇಲೆಯೇ ನಿಂತಿವೆ.

ಇನ್ನೊಂದು ಕಾರಣವೂ ಇದೆ. ಊರ ನೆಲಕ್ಕೆ ಒಬ್ಬ ಒಡೆಯನಿಲ್ಲದಿರುವುದರಿಂದ ಅದನ್ನು ಕಾಯುವವರನ್ನು ಒತ್ತುವರಿದಾರರು ಕೇಳುವ ಮೊದಲ ಮಾತು ‘ಕೇಳೋಕೆ ನೀನ್ಯಾರು?’ ಎಂಬುದು. ಗ್ರಾಮಸಭೆ ಬಹಿರಂಗವಾಗಿ ಒಬ್ಬರನ್ನು ಗುರುತಿಸಿದಾಗ ಆ ಪ್ರಶ್ನೆಗೆ ಊರೇ ಉತ್ತರ ಕೊಟ್ಟಂತಾಗುತ್ತದೆ.

ಒಂದು ಸನ್ಮಾನ ಸಮಾರಂಭ ಮಾಡಿದರೆ ಸಾಲದೇ?

ಸಾಲದು. ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಒಂದು ಸಮಾರಂಭದಲ್ಲಿ, ಊರ ಗೋಮಾಳದ ಅಂಚಿನಲ್ಲಿ ಮೂವತ್ತು ವರ್ಷ ಆಡು ಮೇಯಿಸುತ್ತ ಅಲ್ಲಿನ ಎಳೆಯ ಹೊಂಗೆ, ಬೇವು, ಕಮರಗಳನ್ನು ಉಳಿಸಿದ ಅಜ್ಜಿಯೊಬ್ಬರನ್ನು ಬೆಳಗಿನ ಹತ್ತು ಗಂಟೆಗೆ ಕರೆತಂದು ಶಾಮಿಯಾನದ ಕೆಳಗೆ ಕೂರಿಸಿದ್ದರು. ಮುಖ್ಯ ಅತಿಥಿಗಳು ಬಂದದ್ದು ಒಂದೂವರೆಗೆ. ಅಷ್ಟು ಹೊತ್ತೂ ಆ ಅಜ್ಜಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, ಮನೆಯಲ್ಲಿ ಕಟ್ಟಿಹಾಕಿ ಬಂದ ಆಡುಗಳಿಗೆ ಯಾರು ನೀರು ಕೊಟ್ಟರೋ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಏಪ್ರಿಲ್ ಬಿಸಿಲಿನಲ್ಲಿ ಅವರಿಗೆ ಉಣ್ಣೆಯ ಶಾಲು ಹೊದಿಸಿ ಪೇಟ ತೊಡಿಸಿದರು. ಫೋಟೊ ತೆಗೆದ ಮೇಲೆ ಮಾತಾಡಲು ಅವರಿಗೆ ಮೈಕ್ ಸಿಗಲಿಲ್ಲ. ಆಯೋಜಕರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಂದು ಅವರ ಗೋಮಾಳದ ಬಗ್ಗೆ ಒಂದು ಮಾತೂ ಬರಲಿಲ್ಲ, ಅದರ ಉತ್ತರದ ಗಡಿಯಲ್ಲಿ ಆಗಲೇ ಹೊಸ ಬೇಲಿ ಎದ್ದಿತ್ತು.

ಸಮಾರಂಭ ಬೇಡವೆಂದಲ್ಲ. ಅದನ್ನು ಆ ನೆಲದ ಮೇಲೆಯೇ, ಆ ನೆಲಕ್ಕೆ ಸಂಬಂಧಿಸಿದ ದಿನದಂದು ಮಾಡಿ. ಗೋಮಾಳ ಕಾದವರಿಗೆ ಸಂಕ್ರಾಂತಿಯ ಕಿಚ್ಚು ಹಾಯಿಸುವ ಸಂಜೆ ಅಥವಾ ಕಾರಹುಣ್ಣಿಮೆ, ಕೆರೆ ಕಾದವರಿಗೆ ಕೋಡಿ ಬಿದ್ದು ಬಾಗಿನ ಅರ್ಪಿಸುವ ದಿನ, ದೇವರಕಾಡು ಕಾದವರಿಗೆ ಅಲ್ಲಿನ ಹಬ್ಬದ ದಿನ ಒಪ್ಪುತ್ತವೆ. ಕೊಡಗಿನ ಅಯ್ಯಪ್ಪ ದೇವರಕಾಡುಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಹೊತ್ತಿಗೆ ಊರೆಲ್ಲ ಕಾಡಿನ ಬಾಗಿಲಲ್ಲೇ ನೆರೆದಿರುತ್ತದೆ. ಪ್ರತ್ಯೇಕ ಶಾಮಿಯಾನ ಬೇಕಿಲ್ಲ. ಅತಿಥಿಗಳು ತಡವಾದರೆ ಕಾಯಬೇಡಿ. ಊರ ಹಿರಿಯ ಹೆಣ್ಣುಮಗಳೊಬ್ಬರ ಕೈಯಿಂದ ಫಲತಾಂಬೂಲ ಕೊಡಿಸಿದರೆ ಅದಕ್ಕಿಂತ ದೊಡ್ಡ ಅತಿಥಿ ಬೇಕಾಗಿಲ್ಲ.

ನಿಜವಾಗಿ ಕೆಲಸ ಮಾಡಿದವರು ಯಾರೆಂದು ಹೇಗೆ ತಿಳಿಯುವುದು?

ಅರ್ಜಿ ಕರೆಯಬೇಡಿ. ಅರ್ಜಿ ಬರೆಯಬಲ್ಲವರೇ ಬೇರೆ, ನೆಲ ಕಾಯುವವರೇ ಬೇರೆ ಆಗಿರುವುದು ಹೆಚ್ಚು. ಅದರ ಬದಲು ಆ ನೆಲದಲ್ಲಿ ಮೂರು ಸಲ ನಡೆಯಿರಿ: ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆ ಬಿದ್ದ ವಾರದಲ್ಲಿ, ಒಮ್ಮೆ ಬೆಳಗಿನ ಜಾವದಲ್ಲಿ. ಬೇಸಿಗೆಯಲ್ಲಿ ಬೆಂಕಿ ಗೆರೆ ಯಾರು ಕೆತ್ತಿದರೆಂಬುದು ಕಾಣುತ್ತದೆ. ಮಳೆಯಲ್ಲಿ ಕಾಲುವೆಗೆ ಅಡ್ಡ ಬಿದ್ದ ಕಸ ಯಾರು ಎಳೆದರೆಂಬುದು ಕಾಣುತ್ತದೆ. ಬೆಳಗಿನ ಜಾವದಲ್ಲಿ ಯಾರು ಎದುರಾಗುತ್ತಾರೋ ಅವರನ್ನೇ ಕೇಳಿದರೆ ಉಳಿದ ಹೆಸರುಗಳು ಸಿಗುತ್ತವೆ. ಕುರಿಗಾಹಿಗಳನ್ನು, ಸೌದೆಗೆ ಹೋಗುವ ಹೆಂಗಸರನ್ನು, ತೋಟಿ ಮತ್ತು ನೀರುಗಂಟಿ ಮನೆತನದವರನ್ನು ಕೇಳದೆ ಪಟ್ಟಿ ಮುಗಿಸಬೇಡಿ.

ಹೆಂಗಸರ ಹೆಸರು ಪಟ್ಟಿಗೆ ಬರುವುದು ಕಷ್ಟ. ಗಂಡಸು ಸಭೆಯಲ್ಲಿ ಮಾತಾಡಿರುತ್ತಾನೆ, ಅವನ ಮನೆಯಾಕೆ ಹೊಲದಿಂದ ಬರುವಾಗ ದಿನವೂ ಎರಡು ಕೊಡ ನೀರು ಸಸಿಗಳಿಗೆ ಸುರಿದಿರುತ್ತಾಳೆ. ಇದಕ್ಕೆ ತಿರುವುಮುರುವಾದ ಉದಾಹರಣೆಯೂ ಉಂಟು: ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸಾಗುವ ರಸ್ತೆಯಲ್ಲಿ 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರ ಜೊತೆ ನೀರಿನ ಕೊಡ ಹೊತ್ತು ನಡೆದವರು ಅವರ ಪತಿ ಚಿಕ್ಕಯ್ಯನವರು. ಅವರು 1991ರಲ್ಲಿ ತೀರಿಕೊಂಡರು. ದೊಡ್ಡ ಪ್ರಶಸ್ತಿಗಳೆಲ್ಲ ಬಂದದ್ದು ಆನಂತರ. ಯಾರೊಬ್ಬರ ಹೆಸರು ಬಂದರೂ ಅವರ ಜೊತೆ ಯಾರಿದ್ದರೆಂದು ಒಮ್ಮೆ ಕೇಳಿ.

ಒಬ್ಬರನ್ನು ಆರಿಸಬೇಕೇ, ಗುಂಪನ್ನು ಗೌರವಿಸಬೇಕೇ?

ಊರ ನೆಲದ ವಿಷಯದಲ್ಲಿ ನನ್ನ ಒಲವು ಗುಂಪಿನ ಕಡೆಗೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿ ಆರಂಭಿಸಿದಾಗ ಅದು ಊರಿನ ಕೆಲಸವಾಗಿತ್ತು. 1987ರ ನವೆಂಬರ್ 14ರಂದು, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ, ಊರ ಬಳಕೆಯ ಭೂಮಿಯನ್ನು ನೀಲಗಿರಿ ನೆಡುತೋಪಿಗೆ ಕೊಟ್ಟದ್ದನ್ನು ವಿರೋಧಿಸಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದ ಕೈಗಳಲ್ಲಿ ಬಹುಪಾಲು ಹೆಸರಿಲ್ಲದ ರೈತರವು. ಕುಮಟಾ ತಾಲ್ಲೂಕಿನ ಹಳಕಾರದ ಗ್ರಾಮ ಅರಣ್ಯ ಪಂಚಾಯತಿ 1924ರಿಂದ ಬಂದದ್ದು. ಅಲ್ಲಿನ ಜನ ತಾವೇ ನಿಯಮ ಮಾಡಿಕೊಂಡು, ತಾವೇ ಕಾವಲಿನವರನ್ನು ಇಟ್ಟುಕೊಂಡು ಕಾಡು ಉಳಿಸಿಕೊಂಡರು. ಇಂಥಲ್ಲಿ ಒಬ್ಬರ ಕೊರಳಿಗೆ ಹಾರ ಹಾಕಿದರೆ ಉಳಿದವರ ಮನಸ್ಸಿನಲ್ಲಿ ಕಹಿ ಉಳಿಯುತ್ತದೆ, ಮುಂದಿನ ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ಆ ಕಹಿ ಹೊರಬರುತ್ತದೆ.

ಒಬ್ಬರೇ ಮಾಡಿದ ಕೆಲಸವೂ ಉಂಟು, ಅದನ್ನು ಗುಂಪಿನದೆಂದು ಬರೆಯುವುದೂ ಅನ್ಯಾಯ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಲ್ಮನೆ ಕಾಮೇಗೌಡರು ಊರ ಪಕ್ಕದ ಗುಡ್ಡದಲ್ಲಿ ಮೇಕೆ, ಕುರಿ, ಹಕ್ಕಿ, ಕಾಡುಪ್ರಾಣಿಗಳಿಗೆ ನೀರು ಸಿಗಲೆಂದು ಒಂದರ ಕೆಳಗೊಂದು ಕಟ್ಟೆಗಳನ್ನು ತೋಡಿಸಿದಾಗ ಅವರ ಬೆನ್ನಿಗೆ ದೊಡ್ಡ ಗುಂಪೇನೂ ಇರಲಿಲ್ಲ.

ಹಣ ಕೊಡಬಹುದೇ?

ಕೊಡಬಹುದು, ಅದರಲ್ಲಿ ಸಂಕೋಚ ಬೇಡ. ನೆಲ ಕಾಯುವವರಲ್ಲಿ ಹೆಚ್ಚಿನವರು ಬಡವರು, ಅವರು ಕಾವಲಿಗೆ ಕೊಟ್ಟ ಪ್ರತಿ ದಿನವೂ ಒಂದು ದಿನದ ಕೂಲಿ ಬಿಟ್ಟ ದಿನ. ಸೇವೆಗೆ ಹಣದ ಸೋಂಕು ತಗಲಬಾರದೆಂದು ಹೇಳುವವರು ಬಹುಮಟ್ಟಿಗೆ ಸಂಬಳ ಬರುವವರೇ. ಹಣವನ್ನು ಅವರ ಖಾತೆಗೆ ನೇರವಾಗಿ ಹಾಕಿ, ಲಕೋಟೆಯ ಮೊತ್ತವನ್ನು ವೇದಿಕೆಯಲ್ಲಿ ಕೂಗಿ ಹೇಳಬೇಡಿ. ಅದನ್ನು ಹೇಗೆ ಖರ್ಚು ಮಾಡಬೇಕೆಂದು ನೀವು ಹೇಳುವಂತಿಲ್ಲ. ಕಾಮೇಗೌಡರು ತಮಗೆ ಬಂದ ಪ್ರಶಸ್ತಿಯ ಹಣವನ್ನೂ ಕಟ್ಟೆಗಳಿಗೇ ಸುರಿದರು. ಅದು ಅವರ ಇಷ್ಟ. ಇನ್ನೊಬ್ಬರು ಮಗಳ ಕಾಲೇಜಿನ ಶುಲ್ಕ ಕಟ್ಟಿದರೆ ಅದಕ್ಕೂ ಅಷ್ಟೇ ಮರ್ಯಾದೆ ಇರಲಿ.

ಹಣದ ಬದಲು ಏನು ಕೊಟ್ಟರೆ ಉಪಯೋಗ?

ಅವರನ್ನೇ ಕೇಳಿ. ಕೇಳಿದಾಗ ಬರುವ ಉತ್ತರಗಳು ಚಿಕ್ಕವು: ಒಳ್ಳೆಯ ಟಾರ್ಚು, ಮಳೆಗಾಲಕ್ಕೆ ಗಮ್ ಬೂಟು, ಕಂಬಳಿ, ಹಿಡಿ ಗಟ್ಟಿಯಿರುವ ಪಿಕಾಸಿ, ಬೆಂಕಿ ಆರಿಸುವಾಗ ತೊಡಲು ದಪ್ಪ ಹತ್ತಿಯ ಅಂಗಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕರೆದುಕೊಂಡು ಹೋಗಲು ಜೊತೆಗೊಬ್ಬರು. ಕಾಮೇಗೌಡರಿಗೆ 2020ರಲ್ಲಿ ಸಾರಿಗೆ ಸಂಸ್ಥೆ ಕೊಟ್ಟ ಉಚಿತ ಬಸ್ ಪಾಸು ಈ ಬಗೆಯ ಕೊಡುಗೆಗೆ ಒಳ್ಳೆಯ ಮಾದರಿ, ಗೋಡೆಗೆ ನೇತುಹಾಕುವ ಬದಲು ಕಿಸೆಯಲ್ಲಿಟ್ಟುಕೊಳ್ಳುವಂಥದ್ದು.

ಬೆಂಕಿ ಕಾವಲಿಗೆ ಹೋಗುವವರಿಗೆ ಅಪಘಾತ ವಿಮೆ ಮಾಡಿಸುವುದನ್ನು ಮಾತ್ರ ಅವರು ಕೇಳದಿದ್ದರೂ ಮಾಡಿಸಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆಯುಳ್ಳ ಯಾರಿಗೂ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿವರೆಗಿನ ಅಪಘಾತ ವಿಮೆ ಸಿಗುತ್ತದೆ. ಸಮಿತಿಯೇ ಆ ಕಂತು ಕಟ್ಟಿ, ಪ್ರತಿ ವರ್ಷ ನವೀಕರಣವಾಗಿದೆಯೇ ಎಂದು ನೋಡಿಕೊಳ್ಳಬೇಕು. ಒಣಹುಲ್ಲಿಗೆ ಬಿದ್ದ ಬೆಂಕಿಯನ್ನು ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುವವರ ಮುಂಗೈಯ ಕೂದಲು ಸುಟ್ಟು ಸಿಂಬೆಯಾಗಿರುವುದನ್ನು ಹತ್ತಿರದಿಂದ ನೋಡಿದವರು ಇದನ್ನು ಮುಂದೂಡುವುದಿಲ್ಲ.

ಗೌರವಿಸಬೇಕಾದ ವ್ಯಕ್ತಿಯೇ ಊರ ನೆಲದಲ್ಲಿ ಒಂದಿಷ್ಟು ಉಳುಮೆ ಮಾಡುತ್ತಿದ್ದರೆ?

ಇದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ, ಹೆಚ್ಚು ಸಲ ಬರುವುದೂ ಇದೇ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇವಿಗೆಂದು ಮೀಸಲಿಡಬೇಕು. ಕಾಗದದ ಮೇಲೆ ಮೀಸಲಾದ ಆ ನೆಲದಲ್ಲಿ ಬಗರ್‌ಹುಕುಂ ಸಾಗುವಳಿ, ಅಂದರೆ ಸರ್ಕಾರದ ಅನುಮತಿಯಿಲ್ಲದ ಉಳುಮೆ, ಇಲ್ಲದ ಊರು ಅಪರೂಪ. ಬಗರ್‌ಹುಕುಂ ಎಂದರೆ ಎಲ್ಲವೂ ಒಂದೇ ಅಲ್ಲ. ಭೂಮಿಯಿಲ್ಲದ ಕುಟುಂಬ ಎರಡು ತಲೆಮಾರಿನಿಂದ ಒಂದು ಎಕರೆಯಲ್ಲಿ ರಾಗಿ ಬೆಳೆದುಕೊಂಡು, ಉಳಿದ ಗೋಮಾಳವನ್ನು ಕಾಯುತ್ತಿದ್ದರೆ ಅವರನ್ನು ಒತ್ತುವರಿದಾರರೆಂದು ಪಕ್ಕಕ್ಕೆ ತಳ್ಳುವುದು ನನಗೆ ಸರಿಕಾಣುವುದಿಲ್ಲ. ಪಟ್ಟಣದಲ್ಲಿ ಮನೆಯುಳ್ಳವರು ಜೆಸಿಬಿ ತರಿಸಿ ಹತ್ತು ಎಕರೆಗೆ ತಂತಿ ಬೇಲಿ ಹಾಕಿ, ಅಂಚಿನಲ್ಲಿ ನಾಲ್ಕು ಸಸಿ ನೆಟ್ಟು ಪರಿಸರಪ್ರೇಮಿ ಎನಿಸಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಕಾನೂನು ಮಾತ್ರ ಸ್ಪಷ್ಟವಾಗಿದೆ. 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಊರ ಸಮುದಾಯದ ನೆಲದ ಒತ್ತುವರಿಯನ್ನು ತೆರವುಗೊಳಿಸಲು ಎಲ್ಲ ರಾಜ್ಯಗಳೂ ವ್ಯವಸ್ಥೆ ಮಾಡಬೇಕೆಂದು ಹೇಳಿತು. ಭೂಹೀನ ಕೂಲಿಕಾರರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರದ ಆದೇಶದಂತೆ ಕೊಟ್ಟ ಗುತ್ತಿಗೆಯಂಥ ವಿಶೇಷ ಸಂದರ್ಭಗಳಲ್ಲಿ ಮಾತ್ರ ಸಕ್ರಮಕ್ಕೆ ಅವಕಾಶವೆಂದೂ ಹೇಳಿತು. ಆದ್ದರಿಂದ ಇಂಥ ವ್ಯಕ್ತಿಯನ್ನು ಗೌರವಿಸುವ ಮುನ್ನ ಅವರ ಜೊತೆ ಕುಳಿತು, ಅವರ ಸಾಗುವಳಿಯ ಅಳತೆ ಎಷ್ಟು, ಸಕ್ರಮದ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಮುಕ್ತವಾಗಿ ಹೇಳುವುದಕ್ಕೆ ಅವರ ಒಪ್ಪಿಗೆಯಿದೆಯೇ ಎಂದು ಕೇಳಿ. ಒಪ್ಪಿದರೆ ಗೌರವಿಸಿ. ಮುಚ್ಚಿಟ್ಟು ಗೌರವಿಸಿದರೆ, ಆ ನಡಾವಳಿಯ ಪ್ರತಿ ಮುಂದೆ ನ್ಯಾಯಾಲಯದಲ್ಲಿ ಊರಿನ ವಿರುದ್ಧವೇ ದಾಖಲೆಯಾದೀತು.

ಒತ್ತುವರಿಯ ವಿರುದ್ಧ ದೂರು ಕೊಟ್ಟವರ ಫೋಟೊ, ಹೆಸರು ಪ್ರಕಟಿಸಬಹುದೇ?

ಅವರ ಒಪ್ಪಿಗೆ ಇಲ್ಲದೆ ಖಂಡಿತ ಬೇಡ, ಪ್ರಕರಣ ನಡೆಯುತ್ತಿದ್ದರೆ ಒಪ್ಪಿಗೆ ಇದ್ದರೂ ಬೇಡ. ದೂರು ಕೊಟ್ಟವರು ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಬದುಕಬೇಕು. ಅವರ ಬೋರ್‌ವೆಲ್ ಕೇಬಲ್ ರಾತ್ರಿ ಕಡಿದುಹೋದರೆ ಫ್ಲೆಕ್ಸ್ ಹಾಕಿದವರು ಬಂದು ಜೋಡಿಸುವುದಿಲ್ಲ. ಇಂಥವರಿಗೆ ಊರು ಕೊಡಬಹುದಾದ ದೊಡ್ಡ ಗೌರವವೆಂದರೆ ಆ ದೂರನ್ನು ಒಬ್ಬರ ಹೆಗಲಿನಿಂದ ಇಳಿಸಿ ಗ್ರಾಮಸಭೆಯ ಠರಾವಾಗಿ ಮಾಡುವುದು. ಆಗ ತಹಶೀಲ್ದಾರರ ಕಚೇರಿಗೆ ಅಲೆಯುವುದು ಪಂಚಾಯಿತಿಯ ಕೆಲಸವಾಗುತ್ತದೆ. ಭೂಕಂದಾಯ ಕಾಯ್ದೆಯ 192ಎ ಕಲಮಿನಡಿ ಸರ್ಕಾರಿ ಭೂಮಿಯ ಅಕ್ರಮ ಪ್ರವೇಶ ಶಿಕ್ಷಾರ್ಹ ಅಪರಾಧ. 2011ರ ಭೂ ಕಬಳಿಕೆ ನಿಷೇಧ ಕಾಯ್ದೆಯಡಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವೂ ಇದೆ. ಈ ದಾರಿಗಳನ್ನು ಒಬ್ಬ ಕುರಿಗಾಹಿ ಒಂಟಿಯಾಗಿ ತುಳಿಯಬೇಕಾಗಿ ಬರಬಾರದು.

ಸಮಿತಿಯಲ್ಲಿ ಸ್ಥಾನ ಕೊಡುವುದು ಗೌರವವೆನಿಸುತ್ತದೆಯೇ?

ಮಾತಿಗೆ ತೂಕ ಇರುವ ಸ್ಥಾನವಾದರೆ ಹೌದು. ಜೀವವೈವಿಧ್ಯ ಕಾಯ್ದೆ, 2002ರ 41ನೇ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಅದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಕಪಾಟಿನ ಒಂದು ಕಡತವಾಗಿ ಮಾತ್ರ ಉಳಿದಿದೆ. ನೆಲ ಕಾಯುವವರನ್ನು ಆ ಸಮಿತಿಗೆ ತನ್ನಿ. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಅವರು ಹೇಳಿದ ಸಂಗತಿಯನ್ನು ಅವರ ಹೆಸರಿನೊಂದಿಗೆ ಬರೆಯಿಸಿ. ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಯಾವ ಹೊಂಡದಲ್ಲಿ ಶಿವರಾತ್ರಿಯವರೆಗೆ ನೀರು ನಿಲ್ಲುತ್ತದೆ ಎಂಬ ತಿಳಿವಳಿಕೆಗೆ ಅದು ಅಚ್ಚಿನ ಗೌರವ. ಅವರು ಓದಲು ಬಾರದವರಾದರೆ ಪ್ರತಿ ಸಭೆಯ ನಡಾವಳಿಯನ್ನು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ಸಭೆ ಸಂಜೆಯ ಮೇಲಿರಲಿ, ದನ ಕರು ಮನೆ ಸೇರಿದ ಮೇಲೆ.

ಸರ್ಕಾರದ, ಹೊರಗಿನ ಪ್ರಶಸ್ತಿಗಳಿಗೆ ಹೆಸರು ಕಳುಹಿಸಬೇಕೇ?

ಕಳುಹಿಸಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ರಾಜ್ಯೋತ್ಸವ ಪ್ರಶಸ್ತಿ ವ್ಯಕ್ತಿಗಳಿಗಷ್ಟೇ ಅಲ್ಲದೆ ಸಂಘಸಂಸ್ಥೆಗಳಿಗೂ ಸಂದಿದೆ. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪ್ರಶಸ್ತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೂ ಅವಕಾಶ ಇದ್ದದ್ದುಂಟು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಇಕ್ವೇಟರ್ ಪ್ರಶಸ್ತಿ ಸಮುದಾಯಗಳಿಗೆಂದೇ ಇರುವಂಥದ್ದು. 2021ರಲ್ಲಿ ಅದು ಹೊನ್ನಾವರದ ಸ್ನೇಹಕುಂಜ ಟ್ರಸ್ಟಿಗೆ ಬಂದಿತು. ಅರ್ಜಿ ಬರೆಯುವ ಕೆಲಸವನ್ನು ಊರಿನ ಓದಿದ ಮಕ್ಕಳಿಗೆ ವಹಿಸಿ, ಬರೆದದ್ದನ್ನು ಸಂಬಂಧಪಟ್ಟವರಿಗೆ ಓದಿ ಹೇಳಿದ ಮೇಲೆಯೇ ಕಳುಹಿಸಿ. ನೆಟ್ಟ ಗಿಡದ ಸಂಖ್ಯೆಯನ್ನು ಉಬ್ಬಿಸಬೇಡಿ.

ದೊಡ್ಡ ಪ್ರಶಸ್ತಿ ಬಂದ ಮೇಲೆ ಆ ನೆಲ ಸುರಕ್ಷಿತವೇ?

ಅಲ್ಲ. ತಿಮ್ಮಕ್ಕನವರಿಗೆ ಪದ್ಮಶ್ರೀ ಸಂದದ್ದು 2019ರಲ್ಲಿ. ಅದೇ ವರ್ಷ ರಸ್ತೆ ಅಗಲೀಕರಣಕ್ಕಾಗಿ ಅವರು ಬೆಳೆಸಿದ ಮರಗಳಿಗೇ ಕೊಡಲಿಯ ಭಯ ಬಂದಿತು, ಶತಾಯುಷಿಯಾದ ಅವರು ಮುಖ್ಯಮಂತ್ರಿಗಳಲ್ಲಿ ಮೊರೆಯಿಡಬೇಕಾಯಿತು. ಅವರ ಮಾತನ್ನು ಸರ್ಕಾರ ಕೇಳಿಸಿಕೊಂಡದ್ದರಲ್ಲಿ ಪ್ರಶಸ್ತಿಯ ಪಾಲೂ ಇದೆಯೆಂದು ನಾನು ನಂಬುತ್ತೇನೆ. ಹಾಗಿದ್ದೂ, ಅಂಥ ಹೆಸರಿಲ್ಲದವರ ಮರಗಳ ಗತಿಯೇನೆಂದು ಯೋಚಿಸಿದರೆ ಸಂಕಟವಾಗುತ್ತದೆ. ಆದ್ದರಿಂದ ಗೌರವದ ಜೊತೆಯಲ್ಲೇ ದಾಖಲೆಯ ಕೆಲಸ ನಡೆಯಲಿ: ಪಹಣಿಯಲ್ಲಿ ಆ ನೆಲ ಏನೆಂದು ನಮೂದಾಗಿದೆ ನೋಡಿ, ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯರ್ ಬಂದ ದಿನ ಊರವರೆಲ್ಲ ಹಾಜರಿದ್ದು ಗಡಿಕಲ್ಲು ನೆಡಿಸಿ. ವಿಶೇಷ ಮಹತ್ವದ ಜಾಗವಾದರೆ ಪಾರಂಪರಿಕ ಜೀವವೈವಿಧ್ಯ ತಾಣವೆಂದು ಘೋಷಿಸಲು ಕೇಳಬಹುದು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದಲ್ಲೇ ಮೊದಲು ಆ ಘೋಷಣೆ ಪಡೆಯಿತು. ಅರಣ್ಯ ಭೂಮಿಯಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ ಸಮುದಾಯ ಹಕ್ಕಿನ ದಾರಿಯಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಆ ಹಕ್ಕುಪತ್ರಗಳು ದೊರೆತವು.

ಅವರು ಗೌರವ ಬೇಡವೆಂದರೆ?

ಬಿಟ್ಟುಬಿಡಿ. ಒತ್ತಾಯಿಸಿ ವೇದಿಕೆಗೆ ಕರೆತರಬೇಡಿ. ಅವರ ಪಾಳಿಯಲ್ಲಿ ನೀವೊಂದು ವಾರ ಕಾವಲಿಗೆ ಹೋಗಿ ಅವರಿಗೆ ಬಿಡುವು ಕೊಡಿ.

ಶಾಲಾ ಕಾಲೇಜಿನ ಮಕ್ಕಳಿಗೆ ಪ್ರಮಾಣಪತ್ರ ಕೊಡಬಹುದೇ?

ಒಂದು ವರ್ಷ ಪೂರ್ತಿ ಕೆಲಸ ಮಾಡಿದವರಿಗೆ ಕೊಡಿ. ಅದರಲ್ಲಿ ಮಾಡಿದ ಕೆಲಸವನ್ನು ಬಿಡಿಸಿ ಬರೆಯಿರಿ. ‘ಪರಿಸರ ಸೇವೆ’ ಎಂಬ ಎರಡು ಪದ ಯಾರಿಗೂ ಏನನ್ನೂ ತಿಳಿಸುವುದಿಲ್ಲ.

ತೀರಿಕೊಂಡವರನ್ನು ನೆನೆಯುವುದು ಹೇಗೆ?

ಹೆಸರಿನ ಫಲಕ ಹಾಕುವುದಾದರೆ ಅವರು ಉಳಿಸಿದ ಮರಕ್ಕೆ ಮೊಳೆ ಹೊಡೆಯಬೇಡಿ. ಗಡಿಕಲ್ಲಿನ ಪಕ್ಕದಲ್ಲೊಂದು ಕಲ್ಲು ನೆಟ್ಟು, ಹೆಸರು, ಇಸವಿ, ಮಾಡಿದ ಕೆಲಸವನ್ನು ಕೆತ್ತಿಸಿ. ಒತ್ತುವರಿ ಮಾಡಬೇಕೆಂದು ಬರುವವರು ಗಡಿಕಲ್ಲನ್ನು ರಾತ್ರೋರಾತ್ರಿ ಕೀಳಬಹುದು, ಹಿರಿಯರ ಹೆಸರಿರುವ ಕಲ್ಲಿಗೆ ಕೈಹಾಕಲು ಹಿಂಜರಿಯುತ್ತಾರೆ.

ವಯಸ್ಸಾಗಿ ಕೆಲಸ ಬಿಟ್ಟವರಿಗೆ ಏನು ಮಾಡಬೇಕು?

ಅವರನ್ನು ಎತ್ತಿನ ಗಾಡಿಯಲ್ಲೋ ಆಟೋದಲ್ಲೋ ಕೂರಿಸಿಕೊಂಡು ಆ ನೆಲದ ಗಡಿಯ ಸುತ್ತ ಒಂದು ಸಲ ಹೋಗಿ ಬನ್ನಿ. ಜೊತೆಗೆ ಹತ್ತನೇ ತರಗತಿಯ ನಾಲ್ಕು ಮಕ್ಕಳಿರಲಿ, ಒಬ್ಬರ ಕೈಯಲ್ಲಿ ಸರ್ವೆ ನಕ್ಷೆ, ಇನ್ನೊಬ್ಬರ ಕೈಯಲ್ಲಿ ನೋಟುಬುಕ್ಕು. ಈ ಹುತ್ತ ಮೊದಲು ಎಲ್ಲಿತ್ತು, ಹಳೆಯ ಬಂಡಿದಾರಿ ಎಲ್ಲಿ ತಿರುಗುತ್ತಿತ್ತು, ಯಾವ ಕಲ್ಲು ಯಾವ ವರ್ಷ ಕಾಣೆಯಾಯಿತು ಎಂದು ಅವರು ಹೇಳುತ್ತ ಹೋದಂತೆ ಬರೆದುಕೊಳ್ಳಿ, ಮಕ್ಕಳ ಸಹಿ ಹಾಕಿಸಿ, ಆ ಬರಹದ ಒಂದು ಪ್ರತಿಯನ್ನು ಮುಂದಿನ ಗ್ರಾಮಸಭೆಯ ನಡಾವಳಿಗೆ ಲಗತ್ತಿಸಿ.